ಕೇಳಿ, ಹೇಳ್ತೀವಿ: ಬಸ್ಸಲ್ಲಿ ಸಿಕ್ಕ ಟ್ಯಾಬ್ ಯಾರದ್ದು ಅಂತ ಗೊತ್ತಾಗೋದು ಹೆಂಗೆ?

ಪ್ರಶ್ನೆ: ನಾನು ಬಸ್ ಕಂಡಕ್ಟರ್. ಹದಿನೈದು ದಿನದ ಹಿಂದೆ ಹುಬ್ಬಳ್ಳಿ-ದಾವಣಗೆರೆ ಟ್ರಿಪ್ ಮುಗಿಸಿ ಸೀಟೆಲ್ಲಾ ನೋಡ್ಕೊಂಡು ಬರೋವಾಗ ಕಿಟಕಿ ಪಕ್ಕ ಒಂದು ಟ್ಯಾಬ್ ಸಿಕ್ತು. ಆನ್ ಮಾಡಿದ್ರೆ ಲಾಕ್. ಸಿಮ್ ಹಾಕೋ ಜಾಗಾನೇ ಇಲ್ಲ. ಮೊಬೈಲ್ ಆಗಿದ್ರೆ ಮನೆಯವರು ಯಾರಾದ್ರೂ ರಿಂಗ್ ಕೊಡ್ತಿದ್ರು, ಎತ್ತಿ ಹೇಳ್ತಿದ್ದೆ. ಇದಕ್ಕೆ ಯಾರು ಫೋನ್ ಮಾಡ್ತಾರೆ? ಸ್ಕ್ರೀನ್ ಮೇಲೆ ಒಂದು ಪುಟ್ಟ ಮಗು ಫೋಟೋ ಇದೆ ಅಷ್ಟೇ, ಹೆಸರಿಲ್ಲ ಊರಿಲ್ಲ. ಡಿಪೋದಲ್ಲಿ ಬರೆಸಿ ಕೊಟ್ಟಿದ್ದೀನಿ, ಇನ್ನೂ ಯಾರೂ ಬಂದಿಲ್ಲ. ಆ ಮಗು ಮುಖ ನೆನಪಾಗ್ತಾನೇ ಇರತ್ತೆ. ಮನೇಲಿ ಬೇರೆ "ಸಿಕ್ಕಿದ್ದನ್ನ ಮುಟ್ಟಿ ನಾಳೆ ಕೇಸ್ ಗೀಸ್ ಆದ್ರೆ" ಅಂತಾರೆ. ನಾನು ಇನ್ನೇನಾದ್ರೂ ಮಾಡಬಹುದಿತ್ತಾ?
- ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಕೇಸಿನ ಭಯ ಬಿಡಿ ಸರ್. ಮಾಲೀಕರಿಗೆ ತಲುಪಿಸೋಣ ಅಂತಲೋ ಅವರಿಗೋಸ್ಕರ ಜೋಪಾನ ಮಾಡೋಣ ಅಂತಲೋ ಬಿದ್ದಿದ್ದನ್ನ ಎತ್ಕೊಂಡೋರು ಅಪರಾಧಿ ಅಲ್ಲ, ಹಳೇ ದಂಡ ಸಂಹಿತೆಯ 403ನೇ ಸೆಕ್ಷನ್ನಿನಲ್ಲೇ ಇದನ್ನ ಬಿಡಿಸಿ ಹೇಳಿತ್ತು, 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ನಿನಲ್ಲೂ ಅದೇ ವಿವರಣೆ ಇದೆ. ಯಾರದ್ದು ಅಂತ ಗೊತ್ತಿದ್ದೂ, ಅಥವಾ ಗೊತ್ತು ಮಾಡ್ಕೊಳ್ಳೋ ದಾರಿ ಇದ್ದೂ ಪ್ರಯತ್ನಾನೇ ಮಾಡದೆ ಸ್ವಂತಕ್ಕೆ ಇಟ್ಕೊಂಡ್ರೆ ಮಾತ್ರ ತಪ್ಪು. ಇನ್ನು 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಸಿಕ್ಕ ವಸ್ತುನ ಇಟ್ಕೊಂಡೋರು ಅದನ್ನ ತಮ್ಮ ಸ್ವಂತ ವಸ್ತು ನೋಡ್ಕೊಳ್ಳೋ ಹಂಗೆ ನೋಡ್ಕೋಬೇಕು. ನೀವು ಬರೆಸಿ ಡಿಪೋಗೆ ಕೊಟ್ಟಿದ್ದೀರಿ, ಅದಕ್ಕಿಂತ ಚೆನ್ನಾಗಿ ಯಾರೂ ಮಾಡಕ್ಕಾಗಲ್ಲ. ಬರೆಸಿದ್ದಕ್ಕೆ ಒಂದು ಸಹಿ ಮಾಡಿಸಿದ ಕಾಪಿ ಇಟ್ಕೊಂಡಿದ್ರೆ ಇನ್ನೂ ಒಳ್ಳೇದು.

ಈಗಲೂ ಮಾಡಬಹುದಾದ ಒಂದೆರಡು ಕೆಲಸ ಇದೆ. ಕವರ್ ತೆಗೆದು ಒಳಗಡೆ ನೋಡಿ, ಬಿಲ್ಲೋ ಚೀಟಿನೋ ಸಿಕ್ಕಿರೋದು ಎಷ್ಟೋ ಸಲ ಉಂಟು. ನಿಮ್ಮ ರೂಟಲ್ಲಿ ಹಾವೇರಿ, ರಾಣೆಬೆನ್ನೂರು, ಹರಿಹರ ಬರತ್ತಲ್ಲ, ಕಳ್ಕೊಂಡೋರು ದಾವಣಗೆರೆ ಡಿಪೋಗೇ ಬರಬೇಕು ಅಂತಿಲ್ಲ, ಅವರು ಇಳಿದಿದ್ದ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ಹೋಗಿ ಕೇಳಿ "ಇಲ್ಲಮ್ಮ ಇಲ್ಲಿ ಬಂದಿಲ್ಲ" ಅನ್ನಿಸ್ಕೊಂಡು ಹೋಗಿರಬಹುದು, ಹಾಗಾಗಿ ಆ ಮೂರು ಕಡೆ ಒಂದೊಂದು ಫೋನ್ ಹಾಕಿಸಿ. ವಾರಕ್ಕೊಮ್ಮೆ ಚಾರ್ಜ್ ಹಾಕಿ ಆನ್ ಮಾಡಿಡೋಕೆ ಡಿಪೋದವರಿಗೆ ಹೇಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಲಾಕ್ ತೆಗೆಯೋಕೆ ಸುಮ್ಮನೆ ಅಂಕಿ ಒತ್ತಬೇಡಿ, ತಪ್ಪು ಅಂಕಿ ತುಂಬಾ ಸಲ ಒತ್ತಿದ್ರೆ ಕೆಲವು ಟ್ಯಾಬ್‌ಗಳು ಒಳಗಿರೋದನ್ನೆಲ್ಲಾ ಅಳಿಸಿಬಿಡ್ತವೆ. ಯಾರಾದ್ರೂ ಬಂದು ನಂದು ಅಂದಾಗ ನಂಬೋದು ಹೆಂಗೆ ಅನ್ನೋ ಚಿಂತೆ ಬೇಡ, ಟ್ಯಾಬ್ ಅವರ ಕೈಗೆ ಕೊಟ್ಟು ನಿಮ್ಮ ಎದುರಲ್ಲೇ ಲಾಕ್ ತೆಗೆಸಿ, ಒಳಗೆ ಆ ಮಗುವಿನ ಇನ್ನಷ್ಟು ಫೋಟೋ ಕಂಡ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ.

ಇನ್ನು ಈ ಮಾತು ಟ್ಯಾಬ್ ಇಟ್ಕೊಂಡಿರೋ ಎಲ್ಲಾ ಓದುಗರಿಗೆ. ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸ್ತೀವಿ ತಾನೇ? ಪಕ್ಕದ ಮನೆ ನಾಮಕರಣಕ್ಕೆ ಹೋದ ಕೊಳಗ ಮೂರು ಮನೆ ಸುತ್ತಿ ಆರು ತಿಂಗಳಾದ್ಮೇಲೂ ವಾಪಸ್ ಬರತ್ತೆ, ಯಾಕಂದ್ರೆ ಕಂಠದ ಮೇಲೆ ಅಜ್ಜಿ ಹೆಸರಿದೆ. ಇನ್ನೂರು ರೂಪಾಯಿ ಪಾತ್ರೆಗೆ ಹೆಸರು ಹಾಕಿಸೋ ನಾವು ಇಪ್ಪತ್ತು ಸಾವಿರದ ಟ್ಯಾಬ್‌ಗೆ ಒಂದು ಚೀಟಿ ಅಂಟಿಸಲ್ಲ. ಈ ಕಂಡಕ್ಟರ್ ಅವರ ಪತ್ರ ಓದಿ ನನಗೆ ಬೇಜಾರಾಗಿದ್ದು ಅದಕ್ಕೇ, ಕೊಡೋ ಮನಸ್ಸಿರೋ ಮನುಷ್ಯ ಸಿಕ್ಕಿದ್ದಾರೆ, ಆದ್ರೆ ಯಾರಿಗೆ ಅಂತ ಹೇಳೋಕೆ ಟ್ಯಾಬಲ್ಲಿ ಒಂದು ಅಕ್ಷರ ಇಲ್ಲ.

"ಈ ಕಾಲದಲ್ಲಿ ಯಾರ್ರೀ ವಾಪಸ್ ಕೊಡ್ತಾರೆ" ಅನ್ನೋರಿಗೆ ಒಂದು ವಿಷಯ. 40 ದೇಶಗಳ 355 ಊರುಗಳಲ್ಲಿ 17 ಸಾವಿರಕ್ಕೂ ಹೆಚ್ಚು ಪರ್ಸ್‌ಗಳನ್ನ "ದಾರೀಲಿ ಸಿಕ್ತು" ಅಂತ ಬ್ಯಾಂಕು, ಹೋಟೆಲ್ಲು, ಪೊಲೀಸ್ ಸ್ಟೇಷನ್ನು ಹಿಂಗೆ ಕೌಂಟರಲ್ಲಿರೋರ ಕೈಗೆ ಕೊಟ್ಟು ನೋಡಿದ ಒಂದು ಅಧ್ಯಯನ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಅದರಲ್ಲಿ ಭಾರತವೂ ಇತ್ತು. ದುಡ್ಡಿಲ್ಲದ ಪರ್ಸಿನ ಮಾಲೀಕರನ್ನ ಹುಡುಕಿ ತಿಳಿಸಿದೋರು ನೂರಕ್ಕೆ 40 ಜನ, ದುಡ್ಡಿದ್ದ ಪರ್ಸಿಗೆ 51 ಜನ. ಹೌದು, ದುಡ್ಡಿದ್ರೇ ಜಾಸ್ತಿ. ಆ ಪರ್ಸುಗಳಲ್ಲೆಲ್ಲಾ ಮಾಲೀಕರ ಹೆಸರು, ಇಮೇಲ್ ಇರೋ ಕಾರ್ಡ್ ಕಣ್ಣಿಗೆ ಕಾಣೋ ಹಂಗೆ ಇತ್ತು ಅನ್ನೋದನ್ನ ಮರೀಬಾರದು. ಅದಿಲ್ಲದಿದ್ರೆ ಎಷ್ಟು ಒಳ್ಳೆಯವರಿದ್ದು ಏನು ಮಾಡಕ್ಕಾಗ್ತಿತ್ತು?

ಮೊದಲನೇ ಕೆಲಸ, ಟ್ಯಾಬಿನ ಹಿಂಭಾಗಕ್ಕೆ ಚೀಟಿ. ಕವರಿಗೆ ಮಾತ್ರ ಅಂಟಿಸಬೇಡಿ, ಕವರ್ ಬದಲಾಗತ್ತೆ, ಕಳಚಿ ಬೀಳತ್ತೆ. ಒಂದು ಬಿಳಿ ಕಾಗದದ ಮೇಲೆ "ಸಿಕ್ಕಿದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ" ಅಂತ ಕನ್ನಡದಲ್ಲಿ ಬರೆದು, ಕೆಳಗೆ ಅದನ್ನೇ ಇಂಗ್ಲಿಷಲ್ಲಿ, ರೈಲಲ್ಲಿ ಮುಂಬೈ ಕಡೆ ಓಡಾಡೋರಾದ್ರೆ ಹಿಂದಿಯಲ್ಲೂ ಬರೆದು, ಮೇಲೆ ಅಗಲದ ಪಾರದರ್ಶಕ ಟೇಪ್ ಹಾಕಿ ಒತ್ತಿ. ಅಂಕಿ ಇಂಗ್ಲಿಷಲ್ಲೇ ಇರಲಿ. ಇದು ಹಳ್ಳಿ ಕೆಲಸ ಅನ್ಸಬಹುದು, ಆದ್ರೆ ಚಾರ್ಜ್ ಹೋದ ಟ್ಯಾಬಲ್ಲಿ ಮಾತಾಡೋದು ಈ ಚೀಟಿ ಒಂದೇ.

ಎರಡನೇದು ಲಾಕ್ ಸ್ಕ್ರೀನ್. ಆಂಡ್ರಾಯ್ಡ್ ಟ್ಯಾಬಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇ, ಅದರೊಳಗೆ ಲಾಕ್ ಸ್ಕ್ರೀನ್, ಅಲ್ಲಿ "ಆಡ್ ಟೆಕ್ಸ್ಟ್ ಆನ್ ಲಾಕ್ ಸ್ಕ್ರೀನ್" ಅಂತ ಇರತ್ತೆ, ಸ್ಯಾಮ್‌ಸಂಗಲ್ಲಿ "ಕಾಂಟ್ಯಾಕ್ಟ್ ಇನ್ಫರ್ಮೇಷನ್" ಅಂತಾರೆ. ಸಿಗಲಿಲ್ಲ ಅಂದ್ರೆ ಸೆಟ್ಟಿಂಗ್ಸ್ ಮೇಲ್ಗಡೆ ಹುಡುಕೋ ಜಾಗದಲ್ಲಿ ಲಾಕ್ ಸ್ಕ್ರೀನ್ ಅಂತ ಹೊಡೀರಿ. ಐಪ್ಯಾಡಲ್ಲಿ ಇಂಥ ಜಾಗ ಇಲ್ಲ, ಅದಕ್ಕೆ ಸುಲಭದ ದಾರಿ ಅಂದ್ರೆ ಒಂದು ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ ನಂಬರ್ ಬರೆದು ಅದರ ಫೋಟೋ ತೆಗೆದು ಅದನ್ನೇ ಲಾಕ್ ಸ್ಕ್ರೀನ್ ವಾಲ್‌ಪೇಪರ್ ಮಾಡೋದು, ಗಡಿಯಾರ ಕಾಣೋ ಜಾಗ ಬಿಟ್ಟು ಬರೀಬೇಕು. ಮಗು ಫೋಟೋ ಇರಲಿ ಬೇಡ ಅನ್ನಲ್ಲ, ಅದನ್ನ ನೋಡಿದೋರಿಗೆ ಕೊಡಬೇಕು ಅನ್ನೋ ಮನಸ್ಸು ಬರತ್ತೆ, ಈ ಪತ್ರಾನೇ ಸಾಕ್ಷಿ. ಆದ್ರೆ ಪಕ್ಕದಲ್ಲಿ ನಂಬರೂ ಇರಲಿ.

ಯಾವ ನಂಬರ್ ಅನ್ನೋದ್ರಲ್ಲೇ ಹೆಚ್ಚು ಜನ ಎಡವೋದು. ನಿಮ್ಮ ಸ್ವಂತ ನಂಬರ್ ಹಾಕ್ತೀರಿ, ಟ್ಯಾಬೂ ಫೋನೂ ಒಂದೇ ಬ್ಯಾಗಲ್ಲಿ ಹೋಗತ್ತೆ, ಸಿಕ್ಕಿದೋರು ಫೋನ್ ಮಾಡಿದ್ರೆ ಅದೇ ಬ್ಯಾಗೊಳಗೆ ರಿಂಗ್ ಆಗತ್ತೆ. ಮನೇಲಿರೋ ಅಮ್ಮಂದೋ ಅಣ್ಣಂದೋ, ಗೊತ್ತಿಲ್ಲದ ನಂಬರಿಂದ ಬಂದ್ರೂ ಎತ್ತೋ ಅಭ್ಯಾಸ ಇರೋರ ನಂಬರ್ ಹಾಕಿ, ಹಾಕಿದ್ದೀನಿ ಅಂತ ಅವರಿಗೆ ಹೇಳಿಡಿ. ನಂಬರ್ ಬದಲಾದ ದಿನಾನೇ ಚೀಟಿನೂ ಬದಲಾಯಿಸಿ.

ಮೂರನೇದು ಹುಡುಕೋ ವ್ಯವಸ್ಥೆ. ಗೂಗಲ್ಲಿನ ಫೈಂಡ್ ಮೈ ಡಿವೈಸ್ 2025ರಿಂದ ಫೈಂಡ್ ಹಬ್ ಆಗಿದೆ, ಐಪ್ಯಾಡಿಗೆ ಫೈಂಡ್ ಮೈ. ಕಳೆದ ಮೇಲೆ ಬೇರೆ ಫೋನಿಂದ ಲಾಗಿನ್ ಆಗಿ "ಕಳೆದಿದೆ" ಅಂತ ಗುರುತು ಮಾಡಿದ್ರೆ ನಿಮ್ಮ ಸಂದೇಶ, ನಂಬರ್ ಅದರ ಸ್ಕ್ರೀನ್ ಮೇಲೆ ಬರತ್ತೆ. ಆದ್ರೆ ವೈಫೈ ಮಾತ್ರ ಇರೋ ಟ್ಯಾಬು ದಾರಿಯಲ್ಲಿ ನೆಟ್ಟಿಗೆ ಸೇರೋದು ಹೆಂಗೆ? ಲಾಕ್ ಆಗಿರೋವಾಗ ಗೊತ್ತಿರೋ ವೈಫೈ ಸಿಕ್ಕಿದ್ರೆ ಉಂಟು, ಇಲ್ಲಾಂದ್ರೆ ಸಂದೇಶ ತಲುಪೋದೇ ಇಲ್ಲ. ಅದಕ್ಕೇ ಲಾಕ್ ಸ್ಕ್ರೀನ್ ಬರಹ ಮೊದಲೇ ಇರಬೇಕು ಅನ್ನೋದು. ನೆಟ್ ಇಲ್ಲದಿದ್ರೂ ಅಕ್ಕಪಕ್ಕದವರ ಫೋನುಗಳು ಬ್ಲೂಟೂತಲ್ಲಿ ಟ್ಯಾಬಿನ ಗುರುತು ಹಿಡಿದು ಜಾಗ ತಿಳಿಸೋ ಏರ್ಪಾಡು ಈಗ ಎರಡರಲ್ಲೂ ಇದೆ, ಡಿಪೋದಲ್ಲಿ ಚಾರ್ಜ್ ಹಾಕಿಡಿ ಅಂದಿದ್ದು ಈ ಕಾರಣಕ್ಕೆ. ಆಂಡ್ರಾಯ್ಡಲ್ಲಿ ಇದು ಸಾಮಾನ್ಯವಾಗಿ "ಜನದಟ್ಟಣೆ ಇರೋ ಜಾಗದಲ್ಲಿ ಮಾತ್ರ" ಅನ್ನೋದ್ರಲ್ಲಿ ಇರತ್ತೆ, ಫೈಂಡ್ ಹಬ್ ಸೆಟ್ಟಿಂಗಿಗೆ ಹೋಗಿ "ಎಲ್ಲಾ ಜಾಗದಲ್ಲೂ" ಅಂತ ಬದಲಾಯಿಸಿ, ಊರಾಚೆ ಓಡಾಡೋರಿಗೆ ಇದು ಬೇಕೇ ಬೇಕು.

ಇದರ ಜೊತೆ ಟ್ಯಾಬಿನ ಸೀರಿಯಲ್ ನಂಬರ್ ಡೈರಿಯಲ್ಲಿ ಬರೆದಿಡಿ. ಸಿಮ್ ಇರೋದಾದ್ರೆ ಮೊಬೈಲ್ ನೆಟ್ವರ್ಕಿಗೆ ಅದರ ಗುರುತು ಹೇಳೋ ಐಎಂಇಐ ನಂಬರೂ ಇರತ್ತೆ, ಕಳೆದಾಗ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಲ್ಲಿ ಬ್ಲಾಕ್ ಮಾಡಿಸಬಹುದು. ವೈಫೈ ಟ್ಯಾಬಿಗೆ ಐಎಂಇಐ ಇಲ್ಲ, ಪೊಲೀಸರಿಗೆ ಕೊಡೋಕೆ ಸೀರಿಯಲ್ ನಂಬರೇ ಗತಿ. ನಮ್ಮ ರಾಜ್ಯದ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೇಲೇ ಕೂತು ಬರೆಸಬಹುದು. ರೈಲಲ್ಲಿ ಬಿಟ್ರೆ ತಕ್ಷಣ 139ಕ್ಕೆ ಫೋನ್ ಮಾಡಿ ಗಾಡಿ ನಂಬರ್, ಬೋಗಿ, ಸೀಟ್ ಹೇಳಿ, ಮರೆತ ಸಾಮಾನು ವಾಪಸ್ ತಲುಪಿಸೋಕೇ ರೈಲ್ವೆ ರಕ್ಷಣಾ ಪಡೆ ಅಂದ್ರೆ ಆರ್‌ಪಿಎಫ್‌ನವರು ಆಪರೇಷನ್ ಅಮಾನತ್ ಅಂತ ಮಾಡಿದ್ದಾರೆ. ಬಸ್ಸಾದ್ರೆ ಟಿಕೆಟ್ ಬಿಸಾಡಬೇಡಿ.

ಪ್ರಶ್ನೆ: ಮಗಳು ಪಿಯುಸಿ ಓದ್ತಾಳೆ, ಟ್ಯಾಬ್ ತಗೊಂಡು ದಿನಾ ಬಸ್ಸಲ್ಲಿ ಓಡಾಡ್ತಾಳೆ. ಸ್ಕ್ರೀನ್ ಮೇಲೆ ನಂಬರ್ ಹಾಕು ಅಂದ್ರೆ ಪಕ್ಕದ ಸೀಟಿನೋರು ನೋಡ್ಕೊಂಡು ಕಾಟ ಕೊಟ್ರೆ ಅಂತಾಳೆ. ಅವಳ ಮಾತೂ ಸರಿ ಅನ್ಸತ್ತೆ.
- ಒಬ್ಬ ತಾಯಿ, ತುಮಕೂರು

ಉತ್ತರ: ನೂರಕ್ಕೆ ನೂರು ಸರಿ ಅಮ್ಮ. ಅವಳ ಹೆಸರೂ ಬೇಡ, ನಂಬರೂ ಬೇಡ, ಕಾಲೇಜ್ ಹೆಸರೂ ಬೇಡ. ನಿಮ್ಮೆಜಮಾನ್ರ ಅಂಗಡಿ ನಂಬರೋ ಆಫೀಸ್ ನಂಬರೋ ಇದ್ರೆ ಅದನ್ನ ಹಾಕಿ, ಯಾರು ಫೋನ್ ಮಾಡಿದ್ರೂ ಅಲ್ಲಿ ದೊಡ್ಡೋರು ಎತ್ತುತಾರೆ. ಇಲ್ಲಾ ಅಂದ್ರೆ ಇಮೇಲ್ ಒಂದನ್ನೇ ಇದಕ್ಕೋಸ್ಕರ ಮಾಡಿ ಹಾಕಬಹುದು, ಆದ್ರೆ ನಮ್ಮ ಕಡೆ ಟ್ಯಾಬ್ ಸಿಕ್ಕ ಆಟೋದವರು, ಕ್ಲೀನರ್ ಕೂತ್ಕೊಂಡು ಇಮೇಲ್ ಬರೀತಾರೆ ಅಂತ ನನಗೆ ನಂಬಿಕೆ ಇಲ್ಲ, ಫೋನ್ ನಂಬರೇ ವಾಸಿ. ಮನೆ ವಿಳಾಸ ಮಾತ್ರ ಯಾವತ್ತೂ ಬರೀಬೇಡಿ, ಅದೇ ಬ್ಯಾಗಲ್ಲಿ ಮನೆ ಬೀಗದ ಕೈ ಇರಬಹುದು. ಹಾಗೇ ಲಾಕ್ ಆಗಿರೋವಾಗ ಮೆಸೇಜ್ ಒಳಗಿನ ಬರಹ ಕಾಣದ ಹಂಗೆ ನೋಟಿಫಿಕೇಷನ್ ಸೆಟ್ಟಿಂಗ್ ಬದಲಾಯಿಸಿ.

ಪ್ರಶ್ನೆ: ನನ್ನ ಐಪ್ಯಾಡ್ ಕಳೆದು ಮೂರು ದಿನ ಆಯ್ತು. ಲಾಸ್ಟ್ ಅಂತ ಗುರುತು ಮಾಡಿ ನಂಬರ್ ಹಾಕಿದ್ದೆ. ಇವತ್ತು ಆ ನಂಬರಿಗೆ ಎಸ್ಎಂಎಸ್ ಬಂತು, ನಿಮ್ಮ ಐಪ್ಯಾಡ್ ಸಿಕ್ಕಿದೆ, ಈ ಲಿಂಕ್ ಒತ್ತಿ ಲಾಗಿನ್ ಆಗಿ ಜಾಗ ನೋಡಿ ಅಂತ. ಒತ್ತಲಾ?
- ಓದುಗರು, ಮಂಗಳೂರು

ಉತ್ತರ: ಒತ್ತಲೇಬೇಡಿ. ನಿಮ್ಮ ಅಕೌಂಟಿಂದ ತೆಗೆಯೋ ತನಕ ಆ ಐಪ್ಯಾಡ್ ಬೇರೆಯವರ ಕೈಯಲ್ಲಿ ಶುರುವಾಗೋದೇ ಇಲ್ಲ, ಅದಕ್ಕೆ ಕದ್ದೋರಿಗೆ ನಿಮ್ಮ ಪಾಸ್‌ವರ್ಡ್ ಬೇಕು, ಈ ಲಿಂಕ್ ಅದಕ್ಕೇ. ನಿಜವಾಗ್ಲೂ ಕೊಡೋ ಮನಸ್ಸಿರೋರು ಫೋನ್ ಮಾಡಿ ಎಲ್ಲಿದ್ದೀನಿ ಅಂತ ಹೇಳ್ತಾರೆ, ಪಾಸ್‌ವರ್ಡ್ ಕೇಳಲ್ಲ. ಐಪ್ಯಾಡ್ ಎಲ್ಲಿದೆ ಅಂತ ನೋಡ್ಬೇಕಾದ್ರೆ ನೀವೇ ಫೈಂಡ್ ಮೈ ಆ್ಯಪ್ ತೆಗೆದು ನೋಡಿ. ಜಾಗ ತೋರಿಸಿದ್ರೆ ಒಬ್ಬರೇ ಹೋಗಬೇಡಿ, ಸ್ಟೇಷನ್ನಿಗೆ ಹೇಳಿ. ಯಾರಾದ್ರೂ ಒಳ್ಳೆಯವರು ಫೋನ್ ಮಾಡಿ ಕೊಟ್ರೆ ಅವರ ಬಸ್ ಚಾರ್ಜ್, ಕೊರಿಯರ್ ಖರ್ಚು ಅವರು ಬೇಡ ಅಂದ್ರೂ ಕೊಡಿ. ಇಷ್ಟು ಬಹುಮಾನ ಅಂತ ನೀವೇ ಮೊದಲು ಪ್ರಕಟಿಸಿದ್ರಂತೂ ಅದು ಬರೀ ದಾಕ್ಷಿಣ್ಯದ ಮಾತಲ್ಲ, ಕರಾರು ಕಾಯ್ದೆಯ 168ನೇ ಸೆಕ್ಷನ್ ಪ್ರಕಾರ ಅದನ್ನ ಕೇಳಿ ಪಡೆಯೋ ಹಕ್ಕು ಅವರಿಗಿದೆ, ಹಾಗಾಗಿ ಕೊಡೋಕಾಗೋ ಮೊತ್ತವನ್ನಷ್ಟೇ ಬರೀರಿ.