ಎನ್‌ಡಿವಿಐಗೆ ಎಷ್ಟು ವೇಟೇಜ್ ಅಂತ ಕೇಳಿದೀರಲ್ಲ, ನಾನು ಎಡವಿದ್ದೂ ಅಲ್ಲೇ

ತಾಲೂಕಿನ ಪರಿಸರ ಸೂಕ್ಷ್ಮತೆ ಮ್ಯಾಪ್‌ಗೆ ಎನ್‌ಡಿವಿಐ (ಸ್ಯಾಟಲೈಟ್ ಇಮೇಜಿಂದ ಹಸಿರು ಅಳೆಯೋ ಸೂಚ್ಯಂಕ), ಇಳಿಜಾರು, ಮಳೆ ಇವಕ್ಕೆ ಎಷ್ಟೆಷ್ಟು ವೇಟೇಜ್ ಕೊಡೋದು ಅಂತ ಕೇಳಿದೀರ. ಎಮ್ಮೆಸ್ಸಿ ಪ್ರಾಜೆಕ್ಟಲ್ಲಿ ಸಾಗರದ ಕಡೆ ನಾನೂ ಇದೇ ಲೆಕ್ಕ ಹಾಕ್ಕೊಂಡು ಕೂತಿದ್ದೆ.

ಮಳೆಗಾಲದಲ್ಲಿ ಬರೀ ಮೋಡ ಅಂತ ಮಾರ್ಚ್ ತಿಂಗಳ ಸೆಂಟಿನೆಲ್-2 ಸ್ಯಾಟಲೈಟ್ ಇಮೇಜ್ ತಗೊಂಡೆ, 10 ಮೀಟರ್ ರೆಸಲ್ಯೂಷನ್, ಒಂದ್ ಚೂರೂ ಮೋಡ ಇಲ್ಲ, ಹಸಿರು ಜಾಸ್ತಿ ಇದ್ದಲ್ಲಿ ಅಪಾಯ ಕಮ್ಮಿ ಅಂತ ಇಟ್ಕೊಂಡು ಎನ್‌ಡಿವಿಐಗೆ 40% ಕೊಟ್ಟೆ. ಎಎಚ್‌ಪಿಲಿ (ಎರಡೆರಡು ಅಂಶ ಹೋಲಿಸಿ ವೇಟೇಜ್ ಕೊಡೋ ವಿಧಾನ) ಕನ್ಸಿಸ್ಟೆನ್ಸಿ ರೇಶಿಯೋ 0.1ಕ್ಕಿಂತ ಕಮ್ಮಿ ಬಂತು, ಅಂದ್ರೆ ಪಾಸು, ಮುಗೀತು ಅನ್ಕೊಂಡೆ. ಮ್ಯಾಪ್ ತಗೊಂಡೋಗಿ ಪಂಚಾಯ್ತಿಲಿ ತೋರಿಸಿದ್ರೆ ಒಬ್ರು ಹಿರೀರು ಕಡು ಹಸಿರು ಜಾಗದ ಮೇಲೆ ಬೆರಳಿಟ್ಟು "ಇದು ಅಕೇಶಿಯಾ ಪ್ಲಾಂಟೇಷನ್ ಅಲ್ದನಾ ತಮ್ಮಾ, ಅಡೀಲಿ ಒಂದು ಹುಲ್ಲೂ ಹುಟ್ಟಲ್ಲ" ಅಂದ್ರು. ನಾನು ಅಪಾಯ ಜಾಸ್ತಿ ಅಂತ ಕೆಂಪಗೆ ತೋರಿಸಿದ್ದು ಅವರ ದನ ಮೇಯೋ ಬ್ಯಾಣ, ಅಂದ್ರೆ ಹುಲ್ಲುಗಾವಲು.

ಎನ್‌ಡಿವಿಐ ಅಂದ್ರೆ ಎಲೆ ಕೆಂಪು ಬೆಳಕನ್ನ ಎಷ್ಟು ಹೀರ್ತು, ಇನ್‌ಫ್ರಾರೆಡ್‌ನ ಎಷ್ಟು ವಾಪಸ್ ಕಳಿಸ್ತು ಅನ್ನೋ ಲೆಕ್ಕ, ಅಷ್ಟೇ. ಎಲೆ ಯಾವ ಮರದ್ದು ಅಂತ ಅದಕ್ಕೆ ಗೊತ್ತಾಗಲ್ಲ. ಅಕೇಶಿಯಾ ವರ್ಷ ಪೂರ್ತಿ ಹಸಿರು, ಬ್ಯಾಣದ ಹುಲ್ಲು ಮಾರ್ಚಿಗೆ ಒಣಗಿರತ್ತೆ, ಎಲೆ ಉದುರ್ಸೋ ಕಾಡೂ ಬೋಳಾಗಿರತ್ತೆ, ಇನ್ನು ದಟ್ಟ ಕಾನಲ್ಲಿ (ಸದಾ ಹಸಿರಾಗಿರೋ ಹಳೇ ಕಾಡಲ್ಲಿ) ಎನ್‌ಡಿವಿಐ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತ್ಬಿಡತ್ತೆ, ಹಾಗಾಗಿ ನೂರಾರು ವರ್ಷದ ಕಾನೂ ಮೊನ್ನೆ ನೆಟ್ಟ ಅಕೇಶಿಯಾನೂ ನನ್ ಮ್ಯಾಪಲ್ಲಿ ಒಂದೇ ಬಣ್ಣ. ಇದಕ್ಕೆ 40% ಕೊಟ್ರೂ ತಪ್ಪು, 10% ಕೊಟ್ರೂ ತಪ್ಪು. ಆ ರೇಶಿಯೋ ಹೇಳೋದು ನಾನು ಕೊಟ್ಟ ಅಂಕಿಗಳು ಒಂದಕ್ಕೊಂದು ತಾಳೆ ಆಗ್ತವೆ ಅಂತ, ನೆಲಕ್ಕೆ ತಾಳೆ ಆಗ್ತವೆ ಅಂತಲ್ಲ. ಆರು ತಿಂಗಳ ಕೆಲಸ ಹೋಯ್ತು, ಹೋಗ್ಲಿ, ಆದ್ರೆ ಯಾರಾದ್ರೂ ಆ ಮ್ಯಾಪ್ ನಂಬಿ ಬ್ಯಾಣನ ಹಾಳು ಜಾಗ ಅಂದ್ಕೊಂಡು ಅಲ್ಲೂ ಅಕೇಶಿಯಾನೇ ನೆಟ್ಟಿದ್ರೆ? ಅದು ಈಗ್ಲೂ ಕೊರೆಯತ್ತೆ.

ಅದಕ್ಕೇ ವೇಟೇಜ್ ಮಾತು ಈಗ ಬೇಡ್ವೇ ಬೇಡ ಅಂತೀನಿ. ಮೊದ್ಲು ಊರಿನೋರ ಜೊತೆ ನಡೆದು ಕಾನು ಯಾವ್ದು, ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟ ಯಾವ್ದು, ಪ್ಲಾಂಟೇಷನ್ ಯಾವ್ದು ಅಂತ ಜಿಪಿಎಸ್ ಪಾಯಿಂಟ್ ತಗೊಳ್ಳಿ, ಅದನ್ನಿಟ್ಕೊಂಡು ಎಲ್ಲಿ ಏನಿದೆ ಅಂತ ತೋರಿಸೋ ಲ್ಯಾಂಡ್ ಕವರ್ ಮ್ಯಾಪ್ ಮಾಡಿ. ಮಳೆಗಾಲಕ್ಕೆ ಸೆಂಟಿನೆಲ್-1 ರಾಡಾರ್ ಇದೆ, ಮೋಡ ಅದಕ್ಕೆ ಅಡ್ಡ ಬರಲ್ಲ. ಗಾಡ್ಗೀಳ್ ಸಮಿತಿ 2011ರ ವರದಿಲಿ ಬಳಸಿದ 9 ಕಿಮೀ ಚೌಕ ಇಡೀ ಪಶ್ಚಿಮ ಘಟ್ಟಕ್ಕೆ ಮಾಡಿದ್ದು, ಒಂದು ತಾಲೂಕಿಗೆ ಅದನ್ನ ಎತ್ತಿ ಹಾಕಿದ್ರೆ ಕಾನು, ಬ್ಯಾಣ, ಅಡಿಕೆ ತೋಟ ಎಲ್ಲಾ ಒಂದೇ ಚೌಕದಲ್ಲಿ ಕಲಸ್ಕೊಂಡ್ಬಿಡತ್ತೆ.

ಮಾರ್ಚ್ ಇಮೇಜ್ ಡೌನ್‌ಲೋಡ್ ಆಗಿದೆ ಅಂದಿದೀರ, ಇರ್ಲಿ. ನವೆಂಬರ್‌ದೂ ಒಂದು ತಗೊಂಡು ಪಕ್ಕ ಇಟ್ಟು ನೋಡಿ, ಎರಡರಲ್ಲೂ ಹಸಿರಾಗಿರೋ ಜಾಗಕ್ಕೆ ಮೊದ್ಲು ಹೋಗಿ, ಅದು ಕಾನಾ ಅಕೇಶಿಯಾನಾ ಅಂತ ನೋಡ್ಕೊಂಡ್ಬನ್ನಿ.