ಕ್ಯಾಂಪಸ್ ರಾಜಕೀಯ ಕಲೆಯಾಗಬಹುದೇ?

ಪ್ರಶ್ನೆ: ಕಲಾ ವಿದ್ಯಾರ್ಥಿನಿಯಾದ ನನ್ನ ಮಗಳು ಕಾಲೇಜಿನ ಸಂಪ್ರದಾಯವಾದಿ ವಿದ್ಯಾರ್ಥಿಗಳನ್ನು ಕುರಿತು ಇನ್‌ಸ್ಟಲೇಶನ್ (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಟ್ಟುವ ಕಲಾಕೃತಿ) ರಚಿಸಲು ಹೊರಟಿದ್ದಾಳೆ. ಇದು ಕಲೆಯೋ, ಪ್ರಚಾರವೋ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ವಿಷಯ ರಾಜಕೀಯದ್ದೆಂಬ ಕಾರಣಕ್ಕೇ ಕೃತಿ ಪ್ರಚಾರವಾಗುವುದಿಲ್ಲ, ನೋಡುಗರು ಏನನ್ನು ಯೋಚಿಸಬೇಕೆಂದು ಮೊದಲೇ ತೀರ್ಮಾನಿಸಿಬಿಟ್ಟಾಗ ಆಗುತ್ತದೆ. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು 1990ರ ದಶಕದಲ್ಲಿ ಚಿತ್ರಕಲೆಯಿಂದ ಹೊರಳಿ ಸಗಣಿ, ಸೂಜಿ, ದಾರ, ಕುಂಕುಮಗಳಂಥ ಮನೆಯ ವಸ್ತುಗಳಿಂದಲೇ ಕೃತಿಗಳನ್ನು ಕಟ್ಟಿದರು. ಶ್ರದ್ಧೆ, ದುಡಿಮೆ, ನೋವು ಎಲ್ಲವನ್ನೂ ಹೊತ್ತಿರುವ ಆ ವಸ್ತುಗಳ ಮುಂದೆ ಘೋಷಣೆಯ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಮಗಳೂ ಹಾಸ್ಟೆಲ್ ನಿಯಮಗಳ ಫಲಕ, ಕರಪತ್ರ, ಹಣೆಯ ತಿಲಕ, ಊರಿನಿಂದ ತಂದ ದೇವರ ಪಟ ಇವುಗಳಿಂದ ಆರಂಭಿಸಬಹುದು. ಕರ್ನಾಟಕದ ಕಾಲೇಜುಗಳಲ್ಲಿ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಮತಪೆಟ್ಟಿಗೆಯಿಲ್ಲದ ಕ್ಯಾಂಪಸ್ಸಿನಲ್ಲಿ ರಾಜಕೀಯವು ಉಡುಪು, ಊಟ, ಹಬ್ಬಗಳ ಮೂಲಕ ಮಾತಾಡುತ್ತದೆ ಎಂಬುದು ನನ್ನ ಅನಿಸಿಕೆ, ಮತ್ತು ಕೃತಿಯ ನಿಜವಾದ ಸತ್ವ ಇರುವುದು ಅಲ್ಲಿಯೇ. ಆ ವಿದ್ಯಾರ್ಥಿಗಳನ್ನು ಗೇಲಿಯ ಗೊಂಬೆಗಳನ್ನಾಗಿಸುವುದು ಮಾತ್ರ ಬೇಡ. ಅವರೊಂದಿಗೆ ಕುಳಿತು ಮಾತಾಡಲಿ, ಅವರ ಧ್ವನಿ ಬಳಸುವುದಾದರೆ ಅನುಮತಿ ಪಡೆಯಲಿ, ಪ್ರದರ್ಶನಕ್ಕೆ ಮುನ್ನ ಕೃತಿಯನ್ನು ಅವರಿಗೂ ತೋರಿಸಲಿ.