ಆ್ಯಪ್ ಆಮೇಲೆ, ಮೊದಲು ಕಂಬಕ್ಕೆ ನಂಬರ್

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ನಮ್ಮೂರ ಗ್ರಾಮ ಪಂಚಾಯಿತಿಗೆ ಬೀದಿ ದೀಪ, ನೀರು, ಚರಂಡಿ ಬಗ್ಗೆ ದೂರು ಕೊಡುವ ಆ್ಯಪ್ ಮಾಡಿಕೊಡಬೇಕು ಅಂತ ಆಸೆ. ಪಿಡಿಒ ಕೂಡ ಒಪ್ಪಿದ್ದಾರೆ. ಎಲ್ಲಿಂದ ಶುರು ಮಾಡೋಣ ಸರ್?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ಪಿಡಿಒ ಒಪ್ಪಿರುವುದು ದೊಡ್ಡ ವಿಷಯ, ಅದನ್ನು ಕೈಬಿಡಬೇಡಿ. ಆದರೆ ಆ್ಯಪ್‌ಗೆ ಅವಸರ ಬೇಡ. ದೂರು ಕೊಡುವುದು ಈಗಲೂ ಕಷ್ಟವಲ್ಲ, ವಾಟ್ಸಾಪ್‌ನಲ್ಲಿ ಒಂದು ಫೋಟೊ ಹಾಕಿದರೆ ಆಯಿತು. ಕಷ್ಟ ಶುರುವಾಗುವುದು ಆಮೇಲೆ. ‘ದೇವಸ್ಥಾನದ ಹತ್ತಿರ ಲೈಟ್ ಇಲ್ಲ’ ಅಂದರೆ ಯಾವ ಕಂಬ? ಏಣಿ ಹೊತ್ತು ಬಂದವರಿಗೆ ಹಗಲಲ್ಲಿ ಯಾವ ದೀಪ ಕೆಟ್ಟಿದೆ ಅಂತ ಹೇಗೆ ಗೊತ್ತಾಗಬೇಕು?

ಹಾಗಾಗಿ ಮೊದಲು ಕಂಬಗಳಿಗೆ ಬಣ್ಣದಲ್ಲಿ ನಂಬರ್ ಬರೆಸಿ. ಅವನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಿ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಬೀದಿ ದೀಪ ಗುರುತಿಸಲು ಅದರಲ್ಲಿ ಬೇರೆಯೇ ಟ್ಯಾಗ್ (ಗುರುತಿನ ಪದ) ಇದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವ ಹಾಗಿಲ್ಲ, ನೀವೇ ಓಡಾಡಿ ಗುರುತಿಸಬೇಕು. ಓಡಾಡುವಾಗ ನೀರುಗಂಟಿಯವರನ್ನು ಜೊತೆಗೆ ಕರೆದುಕೊಳ್ಳಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಅನ್ನುವುದು ಎಷ್ಟೋ ಊರುಗಳಲ್ಲಿ ಅವರೊಬ್ಬರಿಗೇ ಗೊತ್ತು. ಅವರು ರಜೆ ಹಾಕಿದ ದಿನ ಊರೇ ಪರದಾಡುತ್ತದೆ. ಆ ತಿಳಿವಳಿಕೆ ಪಂಚಾಯಿತಿ ಕಚೇರಿಗೆ ಬಂದರೆ ಅದೇ ನಿಮ್ಮ ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ.

ಇನ್ನು ಸಾಫ್ಟ್‌ವೇರ್. ಹೊಸದಾಗಿ ಬರೆಯಬೇಡಿ. ಬ್ರಿಟನ್ನಿನ ಮೈಸೊಸೈಟಿ ಸಂಸ್ಥೆ 2007ರಲ್ಲಿ ಬೀದಿ ಸಮಸ್ಯೆಗಳ ದೂರು ಕೊಡಲು ಫಿಕ್ಸ್‌ಮೈಸ್ಟ್ರೀಟ್ ಅನ್ನುವ ತಾಣ ಶುರು ಮಾಡಿತು. ಅದರ ಕೋಡ್ ಮುಕ್ತವಾಗಿದೆ, ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಬದಲಾಯಿಸಿ ಬಳಸಬಹುದು, ಬೇರೆ ದೇಶಗಳವರೂ ಬಳಸಿದ್ದಾರೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು ಸಂಗತಿ. ದೂರು ಸಂಬಂಧಪಟ್ಟ ಕಚೇರಿಗೂ ಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ನಾಲ್ಕು ವಾರ ಕಳೆದ ಮೇಲೆ ‘ಸರಿಹೋಯಿತಾ?’ ಅಂತ ದೂರು ಕೊಟ್ಟವರನ್ನೇ ಕೇಳುತ್ತದೆ. ಕಚೇರಿಯಲ್ಲಿ ಕೂತು ‘ಪರಿಹರಿಸಲಾಗಿದೆ’ ಅಂತ ಒತ್ತಿದರೆ ಕತ್ತಲ ಬೀದಿಗೆ ಬೆಳಕು ಬರುವುದಿಲ್ಲ, ಅಲ್ವಾ? ನೀವು ಏನೇ ಬದಲಾಯಿಸಿದರೂ ಈ ಪ್ರಶ್ನೆ ಮಾತ್ರ ತೆಗೆಯಬೇಡಿ.

ಸ್ಮಾರ್ಟ್‌ಫೋನ್ ಇಲ್ಲದವರ ದೂರು ಕೂಡ ಸೇರಲೇಬೇಕು. ಅವರು ಫೋನ್ ಮಾಡಲಿ ಅಥವಾ ಕಚೇರಿಗೆ ಬಂದು ಹೇಳಲಿ, ಸಿಬ್ಬಂದಿ ದಾಖಲಿಸಲಿ. ಬಾಕಿ ದೂರುಗಳ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ನೋಟಿಸ್ ಬೋರ್ಡಿಗೆ ಹಚ್ಚಿ, ಗ್ರಾಮ ಸಭೆಯಲ್ಲಿ ಓದಿಸಿ. ಆದರೆ ದೂರು ಕೊಟ್ಟವರ ಹೆಸರು, ಫೋನ್ ನಂಬರ್ ಆ ಪಟ್ಟಿಯಲ್ಲಿ ಬೇಡ. ಊರಲ್ಲಿ ಅದರಿಂದ ಸುಮ್ನೆ ಜಗಳ ಹುಟ್ಟುತ್ತದೆ.

ಕೊನೆಯದಾಗಿ, ಡೊಮೇನ್ (ತಾಣದ ವಿಳಾಸ), ಸರ್ವರ್, ಪಾಸ್‌ವರ್ಡ್ ಎಲ್ಲ ಮೊದಲ ದಿನದಿಂದಲೇ ಪಂಚಾಯಿತಿ ಹೆಸರಲ್ಲಿರಲಿ. ನಾಳೆ ನಿಮಗೆ ಬೇರೆ ದೇಶದಲ್ಲಿ ಕೆಲಸ ಸಿಗಬಹುದು, ಪಿಡಿಒಗೆ ವರ್ಗ ಆಗಬಹುದು. ತಾಲ್ಲೂಕಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಇಬ್ಬರಿಗೆ ಈಗಿನಿಂದಲೇ ಕೋಡ್ ತೋರಿಸಿ ಕೆಲಸ ಕಲಿಸಿ.